ಪಿತೃಪಕ್ಷದ ಚಿಕ್ಕ ಎಲೆ ಮತ್ತು ಮನೆಯ ಹಳೆಯ ಕಾಗದಗಳು

ಮಾನ್ಯ ಸಂಪಾದಕರಿಗೆ,

ವಂದನೆಗಳು. ತಾಲ್ಲೂಕು ಕಚೇರಿಗಳ ದಾಖಲೆ ಕೊಠಡಿಗಳಲ್ಲಿರುವ ಹಳೆಯ ಕಂದಾಯ ಕಡತಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಸೇರಿಸುವ ‘ಭೂ ಸುರಕ್ಷಾ’ ಯೋಜನೆಯ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಬರುತ್ತಿರುವ ಸುದ್ದಿಗಳನ್ನು ಗಮನವಿಟ್ಟು ಓದುತ್ತಿದ್ದೇನೆ. ದಾಖಲೆಗಳ ಕಳವು ಮತ್ತು ತಿದ್ದುವಿಕೆ ನಿಲ್ಲಲೆಂದು, ಜಮೀನಿನ ವ್ಯಾಜ್ಯಗಳು ತಗ್ಗಲೆಂದು ಕೈಗೊಂಡಿರುವ ಈ ಕೆಲಸ ನಿಜಕ್ಕೂ ಸ್ವಾಗತಾರ್ಹ. ಆದರೆ ಹಳೆಯ ಕಾಗದವೆಂದರೆ ಜಮೀನಿನ ಕಾಗದ ಮಾತ್ರ ಎಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಆ ಭಾವನೆಯಿಂದಾಗಿ, ಹೆಸರಿನಲ್ಲಿ ಜಮೀನಿಲ್ಲದೆ, ಮದುವೆ ಮಕ್ಕಳಿಲ್ಲದೆ, ಎಳೆಯ ವಯಸ್ಸಿನಲ್ಲೇ ತೀರಿಹೋದ ನಮ್ಮ ಮನೆಗಳ ಹಿರಿಯರು ಎರಡನೆಯ ಬಾರಿ ಸಾಯುತ್ತಿದ್ದಾರೆ ಎಂಬ ಸಂಕಟ ನನ್ನದು. ನಮ್ಮ ಮನೆಯ ಅಂಥ ಒಬ್ಬ ಹುಡುಗನನ್ನು ಹುಡುಕಲು ನನಗೆ ಹಿಡಿದ ಸಮಯವನ್ನೂ, ಅವನು ಸಿಕ್ಕಿದ ಬಗೆಯನ್ನೂ ಓದುಗರ ಮುಂದಿಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ದೀರ್ಘವಾಗಿದೆ. ದಯವಿಟ್ಟು ಪೂರ್ತಿಯಾಗಿ ಪ್ರಕಟಿಸಬೇಕೆಂದು ಕೋರುತ್ತೇನೆ.

ನಮ್ಮದು ತುಮಕೂರು ಜಿಲ್ಲೆಯ ಒಂದು ಸಣ್ಣ ಹಳ್ಳಿಯ ಒಕ್ಕಲು ಮನೆತನ. ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವುದು ನಮ್ಮ ಮನೆಯಲ್ಲಿ ಇಂದಿಗೂ ತಪ್ಪಿಲ್ಲ. ಗೋಡೆಯ ಬದಿಗೆ ಹೊಸ ಪಂಚೆ, ಸೀರೆಗಳನ್ನು ಮಡಿಸಿಟ್ಟು, ಬಾಳೆ ಎಲೆಗಳನ್ನು ಸಾಲಾಗಿ ಹಾಕಿ, ಮುದ್ದೆ, ಸಾರು, ವಡೆ, ಪಾಯಸ ಬಡಿಸಿ, ಧೂಪ ಹಾಕಿ, ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಂದೆಮಾಡಿಕೊಂಡು ಮನೆಮಂದಿಯೆಲ್ಲ ಜಗುಲಿಯ ಮೇಲೆ ಕೂರುತ್ತಿದ್ದೆವು. ಆ ಸಾಲಿನ ಕೊನೆಯಲ್ಲಿ, ಬಾಳೆ ಎಲೆಗಳಿಂದ ಒಂದು ಮೊಳ ದೂರದಲ್ಲಿ, ನನ್ನ ಅಜ್ಜಿ ಒಂದು ಚಿಕ್ಕ ಮುತ್ತುಗದ ಎಲೆ ಹಾಕುತ್ತಿದ್ದರು. ಅದಕ್ಕೆ ಮುದ್ದೆಯಿಲ್ಲ, ಸಾರಿಲ್ಲ. ಒಂದು ಹಿಡಿ ಹುರಿಗಾಳು, ಒಂದು ಅಚ್ಚು ಬೆಲ್ಲ, ಒಂದು ಚೂರು ಕೊಬ್ಬರಿ, ಅಷ್ಟೇ. ಆ ಎಲೆಯ ಬಳಿ ಬಟ್ಟೆಯನ್ನೂ ಇಡುತ್ತಿರಲಿಲ್ಲ. ಅದು ಯಾರ ಎಲೆ ಎಂದು ಹುಡುಗನಾಗಿದ್ದಾಗ ಒಮ್ಮೆ ಕೇಳಿದ್ದೆ. “ನಾನು ಕಾಣದ ನಮ್ಮ ಭಾವನ ಎಲೆ ಕಣಪ್ಪ” ಎಂದಿದ್ದರು. ಹೆಸರೇನೆಂದು ಕೇಳಿದರೆ ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದು ಒಳಗೆ ಹೋದರು. ಗಂಡನ ಹೆಸರನ್ನೂ ಗಂಡನಿಗಿಂತ ಹಿರಿಯರ ಹೆಸರನ್ನೂ ಹೆಂಗಸರು ಬಾಯಲ್ಲಿ ಹೇಳಬಾರದೆಂಬ ಕಟ್ಟಳೆಯನ್ನು ಅವರು ಕೊನೆಯವರೆಗೂ ಮುರಿಯಲಿಲ್ಲ. ತಾತನನ್ನು ಕೇಳಬೇಕೆಂಬ ತಿಳಿವಳಿಕೆ ನನಗೆ ಬರುವ ಹೊತ್ತಿಗೆ ತಾತ ಇರಲಿಲ್ಲ. ಅಜ್ಜಿಯೂ ಹೋದ ಮೇಲೆ ಆ ಎಲೆ ಮಾತ್ರ ಉಳಿಯಿತು. ನಮ್ಮ ಅಮ್ಮ ಹಾಕಿದರು, ಈಗ ನನ್ನ ಹೆಂಡತಿ ಹಾಕುತ್ತಾಳೆ. ಮೂರು ತಲೆಮಾರಿನ ಹೆಂಗಸರು ತಾವು ಕಾಣದ, ಹೆಸರು ಕೂಡ ಬಾಯಲ್ಲಿ ಆಡದ ಒಬ್ಬ ಹುಡುಗನಿಗೆ ವರ್ಷಕ್ಕೊಮ್ಮೆ ಬೆಲ್ಲ ಬಡಿಸಿದ್ದಾರೆ. ಅವನು ತಾತನ ಅಣ್ಣ, ಪ್ಲೇಗಿಗೆ ಸಿಕ್ಕಿ ಹೋದ ಎಂಬುದಷ್ಟೇ ಮನೆಯಲ್ಲಿ ಉಳಿದ ಮಾತು.

ಸಂಬಂಧದಲ್ಲಿ ಅವರು ನನಗೆ ದೊಡ್ಡ ತಾತನಾಗಬೇಕು, ಬಹುವಚನದಲ್ಲಿ ಬರೆಯಬೇಕಾದದ್ದು ನ್ಯಾಯ. ಆದರೆ ಹದಿನೈದು ದಾಟದ ಹುಡುಗನನ್ನು ನಾನು ಮೊಮ್ಮಗನ ವಯಸ್ಸಿನವನಾಗಿಯೇ ಕಾಣುತ್ತಿರುವುದರಿಂದ ‘ಅವನು’ ಎಂದೇ ಬರೆಯುತ್ತೇನೆ. ಹೆಸರು ಸಿಕ್ಕಿದೆ, ಅದು ನಮ್ಮ ಮನೆದೇವರ ಹೆಸರು. ಮನೆಯವರ ಹೆಸರನ್ನು ಪತ್ರಿಕೆಯಲ್ಲಿ ಹಾಕುವುದು ಬೇಡವೆಂದು ಇಲ್ಲಿ ಬಿಟ್ಟಿದ್ದೇನೆ.

ಶಿಕ್ಷಕ ವೃತ್ತಿಯಿಂದ ನಿವೃತ್ತನಾದ ಮೇಲೆ ಅಟ್ಟದ ಮೇಲಿದ್ದ ಮರದ ಪೆಟ್ಟಿಗೆಯನ್ನು ಕೆಳಗಿಳಿಸಿದೆ. ಅದರಲ್ಲಿ ಒಂದು ಕೆಂಪು ವಸ್ತ್ರದ ಗಂಟು. ಗಂಟಿನೊಳಗೆ ಕಂದಾಯದ ರಸೀದಿಗಳು, ಮೈಸೂರು ಸರ್ಕಾರದ ಛಾಪಾ ಕಾಗದದ ಮೇಲೆ ಬರೆದ ಎರಡು ಭೋಗ್ಯಪತ್ರಗಳು, ತಾತನ ಕಾಲದ ಒಂದು ಪಾಲುಪಟ್ಟಿ, ಅಂಚು ಸುಟ್ಟ ಒಂದು ಪಂಚಾಂಗ. ಭೋಗ್ಯವೆಂದರೆ ಏನೆಂದು ಈಗಿನ ಓದುಗರಿಗೆ ಹೇಳಬೇಕಾದೀತು: ಸಾಲ ಕೊಟ್ಟವನು ಬಡ್ಡಿಯ ಬದಲಿಗೆ ಜಮೀನನ್ನೇ ತನ್ನ ಸ್ವಾಧೀನಕ್ಕೆ ಪಡೆದು ಬೆಳೆ ಅನುಭವಿಸುವುದು, ಅಸಲು ತೀರಿದ ದಿನ ಜಮೀನು ಬಿಟ್ಟುಕೊಡುವುದು. ಎರಡೂ ಪತ್ರಗಳು ಶಾನುಭೋಗರ ಓಡುಗೈ ಬರವಣಿಗೆಯಲ್ಲಿದ್ದವು. ಅಕ್ಷರದಿಂದ ಅಕ್ಷರಕ್ಕೆ ಲೇಖನಿ ಎತ್ತದೆ, ಪದಗಳ ನಡುವೆ ಜಾಗ ಬಿಡದೆ, ಒತ್ತಕ್ಷರಗಳನ್ನು ಒಂದು ಕೊಕ್ಕೆಯಲ್ಲಿ ಮುಗಿಸಿ ಬರೆಯುವ ಆ ಬರಹವನ್ನು ನಮ್ಮ ಕಡೆ ಮೋಡಿ ಅಕ್ಷರ ಎನ್ನುತ್ತಾರೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಮಕ್ಕಳಿಗೆ ಕನ್ನಡ ಕಲಿಸಿದ ನನಗೆ ಮೊದಲ ದಿನ ಒಂದು ಸಾಲೂ ಓದಲಾಗಲಿಲ್ಲ. ಹಳೆಯ ಶಾನುಭೋಗ ಮನೆತನದ ಹಿರಿಯರೊಬ್ಬರು ಮೂರು ಭಾನುವಾರ ಜೊತೆಯಲ್ಲಿ ಕುಳಿತು, “ಬರೆಸಿಕೊಟ್ಟ ಭೋಗ್ಯಪತ್ರದ ಕ್ರಮವೇನೆಂದರೆ” ಎಂಬ ಒಕ್ಕಣೆಯಿಂದ ಹಿಡಿದು ಕೊನೆಯ ಸಾಕ್ಷಿಗಳವರೆಗೆ ಬೆರಳಿಟ್ಟು ಓದಿಸಿದರು. ಒಕ್ಕಣೆ ಎಲ್ಲ ಪತ್ರಗಳಲ್ಲೂ ಒಂದೇ ಆಗಿರುವುದರಿಂದ, ತಿಳಿದ ಮಾತಿನಿಂದ ತಿಳಿಯದ ಅಕ್ಷರವನ್ನು ಹಿಡಿಯಬೇಕು ಎಂದು ಅವರು ಹೇಳಿಕೊಟ್ಟ ಉಪಾಯವೇ ನನ್ನ ಮುಂದಿನ ಎಲ್ಲ ಓದಿಗೂ ದಾರಿಯಾಯಿತು.

ಮೊದಲ ಪತ್ರ ಪಿಂಗಳ ನಾಮ ಸಂವತ್ಸರದ ವೈಶಾಖ ಮಾಸದ್ದು. ಎರಡನೆಯದು ಕಾಳಯುಕ್ತಿ ನಾಮ ಸಂವತ್ಸರದ ಮಾಘ ಶುದ್ಧ ಪಂಚಮಿಯದ್ದು. ಇಸವಿ ಎರಡರಲ್ಲೂ ಇಲ್ಲ. ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳಿ ಬರುವುದರಿಂದ ಕಾಳಯುಕ್ತಿಯೆಂದರೆ 1858 ಆಗಬಹುದು, 1918 ಆಗಬಹುದು, 1978 ಆಗಬಹುದು. ಛಾಪಾ ಕಾಗದ ಮತ್ತು ಅದೇ ಗಂಟಿನ ರಸೀದಿಗಳ ಆಧಾರದಿಂದ ಮೊದಲನೆಯದು 1917ರ ಏಪ್ರಿಲ್-ಮೇ ತಿಂಗಳಿನದೆಂದೂ ಎರಡನೆಯದು 1919ರ ಫೆಬ್ರವರಿಯ ಮೊದಲ ವಾರದ್ದೆಂದೂ ಖಚಿತವಾಯಿತು. ಕಾಳಯುಕ್ತಿ 1918ರ ಯುಗಾದಿಗೆ ಹುಟ್ಟಿ 1919ರ ಯುಗಾದಿಗೆ ಮುಗಿಯುವುದರಿಂದ ಮಾಘ ಮಾಸ ಮುಂದಿನ ಇಸವಿಗೆ ಬೀಳುತ್ತದೆ. ಇದನ್ನು ಮರೆತು ನಾನು ಮೊದಲಿಗೆ ಒಂದು ವರ್ಷ ತಪ್ಪು ಲೆಕ್ಕ ಹಾಕಿದ್ದೆ. ಹುಡುಕುವವರು ಈ ಒಂದು ವಿಷಯದಲ್ಲಿ ಎಚ್ಚರದಿಂದಿರಬೇಕು.

ಹುಡುಗ ಮೊದಲು ಕಾಣಿಸಿಕೊಂಡದ್ದು ಈ ಎರಡು ಪತ್ರಗಳ ನಡುವೆ. ಪಿಂಗಳ ಸಂವತ್ಸರದ ಪತ್ರದಲ್ಲಿ ನನ್ನ ಮುತ್ತಾತ, ತನ್ನ ಪರವಾಗಿಯೂ ತನ್ನ ಇಬ್ಬರು ಮೈನರ್ ಮಕ್ಕಳ ಪರವಾಗಿಯೂ ಎತ್ತು ಕೊಳ್ಳುವುದಕ್ಕೆಂದು ಹೊಲವನ್ನು ಭೋಗ್ಯಕ್ಕೆ ಕೊಟ್ಟಿದ್ದಾರೆ. ಹಿರಿಯ ಮಗನ ಹೆಸರು, ಸುಮಾರು 14 ವರ್ಷ; ಕಿರಿಯ ಮಗನ ಹೆಸರು, ಸುಮಾರು 9 ವರ್ಷ. ಕಿರಿಯವನೇ ನನ್ನ ತಾತ. ಕಾಳಯುಕ್ತಿಯ ಪತ್ರದಲ್ಲಿ, ಸಂಸಾರದ ಖರ್ಚಿಗೂ ಕಂದಾಯದ ಬಾಕಿಗೂ ಇನ್ನೊಂದು ತುಂಡು ಹೊಲ ಭೋಗ್ಯಕ್ಕೆ ಹೋಗುವಾಗ, “ನನ್ನ ಮೈನರ್ ಮಗ” ಎಂದು ಏಕವಚನ. ಹಿರಿಯವನ ಹೆಸರಿಲ್ಲ, ಅವನು ಏನಾದನೆಂಬ ಮಾತಿಲ್ಲ. ಸತ್ತವನಿಗೆ ಹಕ್ಕಿಲ್ಲವಾದ್ದರಿಂದ ಪತ್ರ ಬರೆಯುವವರಿಗೆ ಅವನು ಬೇಕಿರಲಿಲ್ಲ. ಮುತ್ತಾತನ ಹೆಬ್ಬೆಟ್ಟಿನ ಗುರುತು ಮೊದಲ ಪತ್ರದಲ್ಲಿ ಸ್ಪಷ್ಟವಾಗಿ ಬಿದ್ದಿದೆ. ಎರಡನೆಯದರಲ್ಲಿ ಅದೇ ಹೆಬ್ಬೆಟ್ಟು ಕದಲಿ, ಮಸಿ ಒಂದು ಬದಿಗೆ ಎಳೆದುಕೊಂಡು ಹೋಗಿದೆ. ಮಸಿ ಹೆಚ್ಚಾಗಿದ್ದಿರಬಹುದು. ನಾನು ಆ ಗುರುತಿನ ಮೇಲೆ ಬಹಳ ಹೊತ್ತು ಕಣ್ಣಿಟ್ಟು ಕುಳಿತಿದ್ದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಈ ಎರಡೂ ಸಣ್ಣ ಮೊತ್ತದ ಪತ್ರಗಳು. ಎರಡರ ಮೇಲೂ ನೋಂದಣಿಯ ಮೊಹರಿಲ್ಲ. ಎಂದರೆ ಯಾವ ಉಪನೋಂದಣಿ ಕಚೇರಿಯ ಪುಸ್ತಕದಲ್ಲೂ ಇವುಗಳ ನಕಲು ಇರಲಾರದು. ಆ ಪೆಟ್ಟಿಗೆಯನ್ನು ಗೆದ್ದಲು ಮುಟ್ಟಿದ್ದರೆ, ಅಥವಾ ಮನೆ ಕಟ್ಟಿಸುವಾಗ ನಾವೇ ಕಸದ ಜೊತೆ ಸುಟ್ಟಿದ್ದರೆ, ಆ ಹುಡುಗನ ಹೆಸರು ನಮ್ಮ ಪಾಲಿಗೆ ಅಲ್ಲಿಗೇ ಮುಗಿಯುತ್ತಿತ್ತು. ಸರ್ಕಾರ ಎಷ್ಟೇ ಕೋಟಿ ಪುಟ ಸ್ಕ್ಯಾನ್ ಮಾಡಿದರೂ ಹಳ್ಳಿಯ ಮನೆಗಳ ಅಟ್ಟದ ಮೇಲಿನ ಇಂಥ ಕಾಗದ ಆ ಲೆಕ್ಕಕ್ಕೆ ಬರುವುದಿಲ್ಲ.

ಹೆಸರು ಸಿಕ್ಕ ಮೇಲೆ ಊರ ಶಾಲೆಗೆ ಹೋದೆ. ಶಾಲೆ ನೂರು ವರ್ಷ ದಾಟಿದ್ದರಿಂದ ಹಳೆಯ ದಾಖಲಾತಿ ಪುಸ್ತಕವನ್ನು ಮುಖ್ಯ ಶಿಕ್ಷಕಿಯವರು ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದರು. ಅವರ ಆ ಕಾಳಜಿಗೆ ನಾನು ಋಣಿ. ಮೈಸೂರು ಸಂಸ್ಥಾನದಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯ್ದೆ ಬಂದದ್ದು ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ. ಅದಕ್ಕೂ ಎರಡು ವರ್ಷ ಮೊದಲೇ, 1911ರಲ್ಲಿ, ನಮ್ಮ ಹುಡುಗ ಶಾಲೆಗೆ ಸೇರಿದ್ದ. ತಂದೆಯ ಹೆಸರು, ಕಸುಬು ವ್ಯವಸಾಯ, ವಯಸ್ಸು 8. ಹುಟ್ಟಿದ ತಾರೀಖಿನ ಜಾಗ ಖಾಲಿ. ನಾಲ್ಕು ವರ್ಷ ಓದಿದ್ದಾನೆ. 1915ರಲ್ಲಿ ಹೆಸರು ತೆಗೆದಿದ್ದಾರೆ. ಆ ಸಾಲಿನ ಕೊನೆಗೆ, ಶರಾ ಕಾಲಂನಲ್ಲಿ, ಮೇಷ್ಟರ ದುಂಡು ಅಕ್ಷರದಲ್ಲಿ ಮೂರು ಪದ: “ದನ ಕಾಯಲು ಬಿಟ್ಟಿದೆ.” ಅದೇ ಪುಟದಲ್ಲಿ ಅದೇ ಕಾರಣ ಬೇರೆ ಹುಡುಗರ ಮುಂದೆಯೂ ಇದೆ. ನನ್ನ ಸೇವಾವಧಿಯಲ್ಲಿ ಇಂಥ ಶರಾಗಳನ್ನು ನಾನೂ ಬರೆದಿದ್ದೇನೆ, ಕೈ ನಡುಗದೆ ಬರೆದಿದ್ದೇನೆ. ಒಂದು ದಿನ ಯಾರೋ ಒಬ್ಬರು ತಮ್ಮ ಮನೆಯ ಹುಡುಗನಿಗಾಗಿ ಆ ಸಾಲಿನ ಮೇಲೆ ಬೆರಳಾಡಿಸುತ್ತಾರೆಂದು ಆಗ ತೋಚಿರಲಿಲ್ಲ.

ಶಾಲೆಗೆ ಹೋದವನೆಂದು ತಿಳಿದ ಮೇಲೆ ಮನೆಯ ಕಾಗದಗಳನ್ನು ಮತ್ತೆ ಹರಡಿಕೊಂಡೆ. ಅಲ್ಲಿಯವರೆಗೆ ಮುಂಭಾಗವನ್ನಷ್ಟೇ ನೋಡಿದ್ದ ರಸೀದಿಗಳ ಬೆನ್ನನ್ನು ಈಗ ನೋಡಿದೆ. 1916ರ ಒಂದು ಕಂದಾಯ ರಸೀದಿಯ ಹಿಂದೆ, ಮೋಡಿಯಲ್ಲದ, ಬಿಡಿಬಿಡಿಯಾದ ಶಾಲೆಯ ಅಕ್ಷರದಲ್ಲಿ, “ಎತ್ತು 2, ಹಸು 1, ಕರು 1, ಕುರಿ 9” ಎಂದು ಬರೆದಿದೆ. 9ರ ಮೇಲೆ ಒಂದು ಗೀಟು ಹೊಡೆದು ಪಕ್ಕದಲ್ಲಿ 8 ಎಂದು ತಿದ್ದಿದೆ. ಅದರ ಕೆಳಗೆ ಏಳರ ಮಗ್ಗಿ ಅರ್ಧದವರೆಗೆ. ಇದು ಅವನ ಬರಹವೇ ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಆದರೆ ಮುತ್ತಾತ ಹೆಬ್ಬೆಟ್ಟಿನವರು; ತಾತನಿಗೆ ಆಗ ಎಂಟು ವರ್ಷ, ಅವರು ಶಾಲೆಗೆ ಸೇರಿದ್ದೇ ಅದರ ಮರುವರ್ಷವೆಂದು ಅದೇ ದಾಖಲಾತಿ ಪುಸ್ತಕ ಹೇಳುತ್ತದೆ. ಆ ಮನೆಯಲ್ಲಿ ಆಗ ಅಕ್ಷರ ಬಲ್ಲವನು ಒಬ್ಬನೇ ಇದ್ದ. ಶಾಲೆ ಬಿಡಿಸಿ ದನದ ಹಿಂದೆ ಕಳಿಸಿದ ಮೇಲೂ ಅವನು ಸಿಕ್ಕ ಕಾಗದದ ಬೆನ್ನಿನ ಮೇಲೆ ಮಗ್ಗಿ ಬರೆದುಕೊಳ್ಳುತ್ತಿದ್ದ ಎಂದೇ ನಾನು ನಂಬಿದ್ದೇನೆ.

ಸಾವಿನ ವಿಷಯಕ್ಕೆ ಬರುತ್ತೇನೆ. ಹಿಂದೆ ಹಳ್ಳಿಯ ಜನನ ಮರಣಗಳನ್ನು ಬರೆದಿಡುತ್ತಿದ್ದವರು ಪಟೇಲರು. ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆಗಳು 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆಯಿಂದ ಕೊನೆಗೊಂಡು, ಆ ಕಾಯ್ದೆ 1963ರಲ್ಲಿ ಜಾರಿಯಾದಾಗ ಲೆಕ್ಕದ ಪುಸ್ತಕಗಳೆಲ್ಲ ಸರ್ಕಾರಕ್ಕೆ ಒಪ್ಪಿಸಲ್ಪಡಬೇಕಿತ್ತು. ಎಷ್ಟೋ ಕಡೆ ಬೇಡವೆನಿಸಿದ ಹಳೆಯ ಪುಸ್ತಕಗಳು ಆ ಮನೆಗಳಲ್ಲೇ ಉಳಿದವು. ನಮ್ಮ ಪಕ್ಕದ ಊರಿನ ಹಳೆಯ ಪಟೇಲರ ಮನೆಯವರು ದೊಡ್ಡ ಮನಸ್ಸು ಮಾಡಿ ತಮ್ಮ ಅಟ್ಟದ ಮೂಟೆಯನ್ನು ಬಿಚ್ಚಲು ಬಿಟ್ಟರು. ಅದರಲ್ಲಿ 1918-19ರ ಮರಣದ ಪುಸ್ತಕದ ಅರ್ಧ ಸಿಕ್ಕಿತು. ಅಕ್ಟೋಬರ್ ತಿಂಗಳ ಪುಟ ತೆರೆದಾಗ ಮೊದಲು ಕಣ್ಣಿಗೆ ಬಿದ್ದದ್ದು ಹೆಸರುಗಳಲ್ಲ, ಕಾರಣದ ಕಾಲಂ. ಮೇಲಿನ ಸಾಲಿನಲ್ಲಿ “ಜ್ವರ” ಎಂದು ಬರೆದು, ಅದರ ಕೆಳಗೆ “ಸದರಿ”, ಅದರ ಕೆಳಗೆ “ಸದರಿ”, ಪುಟದ ತುದಿಯವರೆಗೂ “ಸದರಿ”. ಮುಂದಿನ ಪುಟದಲ್ಲೂ ಹಾಗೆಯೇ. ನಡುನಡುವೆ ಆ “ಸದರಿ” ಕೂಡ ಬರೆಯಲು ಬೇಸತ್ತಂತೆ ಬರಿಯ ಒಂದು ಅಡ್ಡಗೀಟು. ನಮ್ಮ ಹುಡುಗನ ಸಾಲಿನ ಎಡಭಾಗವನ್ನು ಗೆದ್ದಲು ತಿಂದಿದೆ; ಹೆಸರಿನ ಕೊನೆಯ ಎರಡು ಅಕ್ಷರ, ತಂದೆಯ ಪೂರ್ತಿ ಹೆಸರು, ವಯಸ್ಸು 15, ತಾರೀಖು 24 ಉಳಿದಿವೆ. ಪಂಚಾಂಗದ ಲೆಕ್ಕದಲ್ಲಿ ಅದು ಆಶ್ವಯುಜ ಬಹುಳ ಪಂಚಮಿಯ ಆಸುಪಾಸು: ವಿಜಯದಶಮಿ ಮುಗಿದು ಹತ್ತು ದಿನ ಕಳೆದಿತ್ತು, ದೀಪಾವಳಿಗೆ ಹತ್ತು ದಿನವಿತ್ತು.

ಆದ್ದರಿಂದ ನಮ್ಮ ಮನೆಯಲ್ಲಿ ನಡೆದುಬಂದ ಮಾತು ತಪ್ಪು. ಅವನನ್ನು ಕೊಂದದ್ದು ಪ್ಲೇಗಲ್ಲ. ಅದೇ ಪುಸ್ತಕದ ಹಿಂದಿನ ಪುಟಗಳಲ್ಲಿ ಪ್ಲೇಗಿನ ಸಾವುಗಳನ್ನು “ಪ್ಲೇಗು” ಎಂದೇ ಬೇರೆಯಾಗಿ ಬರೆದಿದ್ದಾರೆ. 1898ರಲ್ಲಿ ಬೆಂಗಳೂರಿಗೆ ಕಾಲಿಟ್ಟ ಪ್ಲೇಗು ಅದರ ಮುಂದಿನ ವರ್ಷಗಳಲ್ಲಿ ಹಳ್ಳಿಗಳನ್ನು ಎಷ್ಟು ಹೆದರಿಸಿತ್ತೆಂದರೆ, ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ ನೆನಪು, ಪ್ಲೇಗಮ್ಮನ ಪೂಜೆ ಎಲ್ಲವೂ ಜನರ ಬಾಯಲ್ಲಿ ಉಳಿದವು. 1918ರ ಇನ್‌ಫ್ಲುಯೆಂಜಾಕ್ಕೆ ಅಂಥ ಹೆಸರೂ ಗುಡಿಯೂ ನಮ್ಮ ಊರಲ್ಲಿ ಉಳಿಯಲಿಲ್ಲ. ಕೆಲವೇ ವಾರಗಳಲ್ಲಿ ಬಂದು ಹೋಯಿತು. ಮೊದಲನೆಯ ಮಹಾಯುದ್ಧದ ಕೊನೆಯ ವರ್ಷ ಜೂನ್ ತಿಂಗಳಲ್ಲಿ ಮುಂಬಯಿ ಬಂದರಿನಲ್ಲಿ ಕಾಣಿಸಿಕೊಂಡ ಆ ಜ್ವರ, ಸೆಪ್ಟೆಂಬರಿನಿಂದ ಎರಡನೆಯ ಬಾರಿ ಎದ್ದು, ರೈಲು ದಾರಿಗಳನ್ನು ಹಿಡಿದು ಒಳನಾಡಿನ ಹಳ್ಳಿ ಹಳ್ಳಿಗೂ ಹಬ್ಬಿತು. ಆ ವರ್ಷ ಮುಂಗಾರು ಕೈಕೊಟ್ಟಿತ್ತು, ಯುದ್ಧದಿಂದಾಗಿ ಧಾನ್ಯದ ಬೆಲೆ ಏರಿತ್ತು. ಅರೆಹೊಟ್ಟೆಯ ಜನರ ಮೇಲೆ ಜ್ವರ ಬಿತ್ತು. ದೇಶದಲ್ಲಿ ಸತ್ತವರು ಒಂದು ಕೋಟಿ ಇಪ್ಪತ್ತು ಲಕ್ಷಕ್ಕೆ ಕಡಿಮೆಯಿಲ್ಲವೆಂದು ಅಂದಾಜು; ಎರಡು ಕೋಟಿಯ ಹತ್ತಿರವೆಂದು ಹೇಳುವವರೂ ಇದ್ದಾರೆ. 1911ರಿಂದ 1921ರವರೆಗಿನ ದಶಕದಲ್ಲಿ ಭಾರತದ ಜನಸಂಖ್ಯೆ ಬೆಳೆಯುವ ಬದಲು ಇಳಿಯಿತು. ಜನಗಣತಿಯ ಇತಿಹಾಸದಲ್ಲಿ ಹಾಗೆ ಇಳಿದ ದಶಕ ಅದೊಂದೇ. ಈ ಅಂಕಿಗಳನ್ನು ನಾನು ತರಗತಿಯಲ್ಲಿ ಪಾಠ ಮಾಡಿದ್ದವನು. ಅವುಗಳೊಳಗೆ ನಮ್ಮ ಮನೆಯ ಚಿಕ್ಕ ಎಲೆಯೂ ಇದೆಯೆಂದು ಅರಿವಾದದ್ದು ಆ ಅಟ್ಟದ ಕೆಳಗೆ, ಗೆದ್ದಲು ಮಣ್ಣು ಮೆತ್ತಿದ ಆ ಪುಟವನ್ನು ಹಿಡಿದಾಗ.

ಅವನ ಸಾವಿಗೆ ಒಂದು ತಿಂಗಳು ಮೊದಲು, 1918ರ ಸೆಪ್ಟೆಂಬರ್ 23ರಂದು, ಮೈಸೂರು ಲ್ಯಾನ್ಸರ್ಸ್ ಪಡೆಯ ಸವಾರರು ಜೋಧಪುರದ ಸವಾರರೊಂದಿಗೆ ಹೈಫಾ ನಗರವನ್ನು ಗೆದ್ದರು. ಆ ಪಡೆಯ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ, ವರ್ಷವರ್ಷವೂ ಅಲ್ಲಿ ಹೂವಿಡುತ್ತಾರೆ; ಇಡಬೇಕಾದದ್ದೇ. ಅದೇ ಸಂಸ್ಥಾನದ ಅದೇ ವರ್ಷದ ಹಳ್ಳಿಯ ಹುಡುಗರಿಗೆ ಇರುವ ಸ್ಮಾರಕವೆಂದರೆ ಪಟೇಲರ ಆ “ಸದರಿ” ಒಂದೇ.

ಇಷ್ಟು ತಿಳಿದುಕೊಂಡು ಮನೆಗೆ ಬಂದ ರಾತ್ರಿ, ಎಷ್ಟೋ ವರ್ಷದಿಂದ ಕಣ್ಣೆದುರಿಗಿದ್ದರೂ ಕಾಣದ ಒಂದು ಸಂಗತಿ ಹೊಳೆಯಿತು. ಆ ಹುಡುಗನ ಹೆಸರು ನನ್ನ ತಂದೆಯ ಹೆಸರು. ತಾತ ತನ್ನ ಚೊಚ್ಚಲ ಮಗನಿಗೆ ಸತ್ತ ಅಣ್ಣನ ಹೆಸರಿಟ್ಟಿದ್ದರು. ಮನೆದೇವರ ಹೆಸರಾದ್ದರಿಂದ ಇಟ್ಟಿದ್ದಾರೆಂದು ನಾವೆಲ್ಲ ತಿಳಿದಿದ್ದೆವು. ಹಾಗಾಗಿ ಅಜ್ಜಿಗೆ ಭಾವನ ಹೆಸರು ಮಾತ್ರವಲ್ಲ, ತಾನು ಹೆತ್ತ ಮಗನ ಹೆಸರೂ ಬಾಯಲ್ಲಿ ಆಡಬಾರದ ಹೆಸರಾಯಿತು. ಅಪ್ಪನಿಗೆ ಅರವತ್ತಾದ ಮೇಲೂ ಅಜ್ಜಿ ಅವರನ್ನು “ಪುಟ್ಟಯ್ಯ” ಎಂದೇ ಕರೆಯುತ್ತಿದ್ದುದು ಮುದ್ದಿಗೆಂದು ಎಣಿಸಿದ್ದೆವು. ಹೊಲದಿಂದ ಬರುವುದು ತಡವಾದ ಸಂಜೆಗಳಲ್ಲಿ ಹಿತ್ತಲ ಬಾಗಿಲಲ್ಲಿ ನಿಂತು ಅವರು ಕೂಗುತ್ತಿದ್ದುದೂ “ಪುಟ್ಟಯ್ಯಾ” ಎಂದೇ. ತಾವು ಕಾಣದ ಹದಿನೈದು ವರ್ಷದ ಒಬ್ಬ ಹುಡುಗನಿಗೆ ಅವರು ಜೀವಮಾನವಿಡೀ ಕೊಟ್ಟ ಮರ್ಯಾದೆ ಅದು.

ಇನ್ನು ನನ್ನ ಅಹವಾಲು. ಇಂಥವರು ಎಲ್ಲಿ ಸಿಗುವುದಿಲ್ಲವೆಂಬುದನ್ನು ಹುಡುಕುತ್ತಾ ಹೋದಂತೆ ಕಂಡುಕೊಂಡೆ. ಪಹಣಿಯಲ್ಲಿ ಸಿಗುವುದಿಲ್ಲ, ಹೊಲ ಅವರ ಹೆಸರಿಗೆ ಬರಲೇ ಇಲ್ಲ. 2000ದ ಸುಮಾರಿಗೆ ‘ಭೂಮಿ’ ಯೋಜನೆಯಡಿ ಪಹಣಿಗಳು ಕಂಪ್ಯೂಟರಿಗೆ ಬಂದ ಮೇಲಂತೂ ಹಳೆಯ ಕೈಬರಹದ ಕಾಗದ ಯಾಕೆ ಬೇಕೆಂದು ಎಷ್ಟೋ ಮನೆಗಳಲ್ಲಿ ಎಸೆದುಬಿಟ್ಟರು. ಖಾತೆ ಬದಲಾವಣೆಗೆ ಮಾಡಿಸುವ ವಂಶವೃಕ್ಷದಲ್ಲಿ ಸಿಗುವುದಿಲ್ಲ; ಅಲ್ಲಿ ವಾರಸುದಾರರಿಗೆ ಮಾತ್ರ ಕೊಂಬೆ. ಮನೆ ಮನೆಗೆ ಬಂದು ವಂಶದ ಹೆಸರುಗಳನ್ನು ತಲೆಮಾರಿನ ಕ್ರಮದಲ್ಲಿ ಹೇಳುವ ಹೆಳವರು ನಮ್ಮಲ್ಲಿಗೂ ಬಂದಿದ್ದರು. ನಾನು ಹುಟ್ಟುವ ಮೊದಲಿನ ಏಳು ತಲೆಗಳ ಹೆಸರನ್ನು ಒಂದೇ ಉಸಿರಿಗೆ ಹೇಳಿ ದವಸ ಪಡೆದು ಹೋದರು, ಅವರ ಪಟ್ಟಿಯಲ್ಲೂ ಈ ಹುಡುಗನಿಲ್ಲ. ಜನಗಣತಿಯಲ್ಲಿ ಸಿಗುವುದಿಲ್ಲ; ಇಂಗ್ಲೆಂಡಿನಲ್ಲಿ 1921ರ ಜನಗಣತಿಯ ಮನೆವಾರು ಹಾಳೆಗಳನ್ನು ನೂರು ವರ್ಷ ಜೋಪಾನ ಮಾಡಿ 2022ರಲ್ಲಿ ಸಾರ್ವಜನಿಕರಿಗೆ ತೆರೆದರು, ನಮ್ಮಲ್ಲಿ ಒಟ್ಟು ಲೆಕ್ಕ ಅಚ್ಚಾಯಿತೇ ಹೊರತು ಮನೆ ಮನೆಯ ಹಾಳೆ ಉಳಿಯಲಿಲ್ಲ. ನಮಗೆ ಉಳಿದಿರುವುದು ಶಾಲೆಯ ದಾಖಲಾತಿ ಪುಸ್ತಕ, ಪಟೇಲರ ಜನನ ಮರಣದ ಪುಸ್ತಕ, ಮನೆಯ ಪೆಟ್ಟಿಗೆ, ಇವು ಮೂರೇ. ಮೂರಕ್ಕೂ ಈಗ ಹೇಳುವವರು ಕೇಳುವವರಿಲ್ಲ. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಸುಣ್ಣ ಬಳಿಸುವಾಗ ಹಳೆಯ ದಾಖಲಾತಿ ಪುಸ್ತಕಗಳನ್ನು ರದ್ದಿಗೆ ತೂಕದ ಲೆಕ್ಕದಲ್ಲಿ ಹಾಕಿದರು. ಅಂದು ನಾನು ರಜೆಯಲ್ಲಿದ್ದೆ, ಮರುದಿನ ರದ್ದಿ ಅಂಗಡಿಗೆ ಓಡುವ ಹೊತ್ತಿಗೆ ಲಾರಿ ಹೋಗಿತ್ತು. ಒಂದು ಕಚೇರಿಯಲ್ಲಿ ಸೋರುವ ಕಿಟಕಿಯ ಕೆಳಗೆ ಪೇರಿಸಿದ್ದ ಪುಸ್ತಕಗಳು ಇಟ್ಟಿಗೆಯಂತೆ ಅಂಟಿಕೊಂಡು ಒಂದು ಹಾಳೆಯನ್ನೂ ಬಿಡಿಸಲಾಗದ ಸ್ಥಿತಿಯಲ್ಲಿದ್ದವು.

ಆದ್ದರಿಂದ ಕಂದಾಯ ದಾಖಲೆಗಳ ಸ್ಕ್ಯಾನಿಂಗ್ ನಡೆಯುತ್ತಿರುವ ಈ ಹೊತ್ತಿನಲ್ಲೇ, ಅದೇ ಯಂತ್ರ, ಅದೇ ಸಿಬ್ಬಂದಿಯನ್ನು ಬಳಸಿಕೊಂಡು, 1947ಕ್ಕೆ ಹಿಂದಿನ ಶಾಲಾ ದಾಖಲಾತಿ ಪುಸ್ತಕಗಳನ್ನೂ ಹಳ್ಳಿಗಳ ಜನನ ಮರಣದ ಹಳೆಯ ಪುಸ್ತಕಗಳನ್ನೂ ಸ್ಕ್ಯಾನ್ ಮಾಡಿಸಬೇಕೆಂದು ಸರ್ಕಾರವನ್ನು ಕೋರುತ್ತೇನೆ. ನೂರು ವರ್ಷದ ಹಿಂದಿನ ಪುಟಗಳನ್ನು ನೋಡಲು ಆ ಮನೆತನದವರಿಗೆ ಒಂದು ಸರಳ ಅರ್ಜಿಯ ಮೇಲೆ ಅವಕಾಶವಿರಬೇಕು. ರಾಜ್ಯ ಪತ್ರಾಗಾರ ಇಲಾಖೆಯವರು ಜಿಲ್ಲೆಗೆ ವರ್ಷಕ್ಕೊಮ್ಮೆಯಾದರೂ ಬಂದು ಮನೆಗಳ ಕಾಗದಗಳನ್ನು ಅಲ್ಲೇ ಸ್ಕ್ಯಾನ್ ಮಾಡಿ ಮೂಲವನ್ನು ಮನೆಯವರಿಗೇ ಹಿಂದಿರುಗಿಸಿದರೆ, ಕಾಗದ ಕೈಬಿಟ್ಟುಹೋದೀತೆಂಬ ಭಯವೂ ಹೋಗುತ್ತದೆ. ಮೋಡಿ ಅಕ್ಷರ ಓದಬಲ್ಲ ಹಿರಿಯರು ನಮ್ಮ ತಾಲ್ಲೂಕಿನಲ್ಲಿ ನನಗೆ ಗೊತ್ತಿರುವಂತೆ ಇಬ್ಬರೇ. ನನಗೆ ಓದಿಸಿದವರಿಗೆ ಎಂಬತ್ತೆಂಟು. ವಿಶ್ವವಿದ್ಯಾಲಯಗಳ ಕನ್ನಡ ಮತ್ತು ಇತಿಹಾಸ ವಿಭಾಗಗಳು ಅವರ ಮುಂದೆ ವಿದ್ಯಾರ್ಥಿಗಳನ್ನು ಕೂರಿಸುವ ಕೆಲಸವನ್ನು ಮುಂದಿನ ವರ್ಷಕ್ಕೆ ಹಾಕಬಾರದು.

ಓದುಗರಲ್ಲೂ ಒಂದೆರಡು ವಿನಂತಿ. ಹಳೆಯ ಕಾಗದ ಉಳಿಯಲೆಂದು ಲ್ಯಾಮಿನೇಷನ್ ಮಾಡಿಸಬೇಡಿ, ಹರಿದ ಕಡೆ ಪ್ಲಾಸ್ಟಿಕ್ ಟೇಪು ಅಂಟಿಸಬೇಡಿ. ಬಿಸಿಯೂ ಅಂಟೂ ಕಾಗದವನ್ನು ತಿನ್ನುತ್ತವೆ. ತೊಳೆದು ಒಣಗಿಸಿದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಒಂದು ತುಂಡು ಬಜೆ ಇಟ್ಟು, ನೆಲದಿಂದ ಮೇಲೆ, ಒಲೆಯಿಂದ ದೂರ ಇಡಿ. ಹಗಲು ಬೆಳಕಿನಲ್ಲಿ ಮುಂದನ್ನೂ ಬೆನ್ನನ್ನೂ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಬೆನ್ನನ್ನು ಮರೆಯಬೇಡಿ. ಮನೆಯಲ್ಲಿ ಅಜ್ಜಿ ಇದ್ದರೆ ಈ ವಾರವೇ ಹತ್ತಿರ ಕುಳಿತು ಕೇಳಿ; ಬಾಯಲ್ಲಿ ಹೇಳದ ಹೆಸರನ್ನು ಅವರು ದೇವರ ಹೆಸರಿನ ನೆಪದಲ್ಲಾದರೂ ಸೂಚಿಸಿಯಾರು.

ಕೊನೆಯದಾಗಿ, ನನ್ನ ಹುಡುಕಾಟ ಮುಗಿದಿಲ್ಲ. ಹುಡುಗನ ತಂದೆಯ ಹೆಸರು ನಾಲ್ಕು ಕಾಗದಗಳಲ್ಲಿದೆ. ತಾಯಿಯ ಹೆಸರು ಒಂದರಲ್ಲೂ ಇಲ್ಲ. ಭೋಗ್ಯಪತ್ರಕ್ಕೆ ಅವಳ ಒಪ್ಪಿಗೆ ಬೇಕಿರಲಿಲ್ಲ, ಶಾಲೆಯ ಪುಸ್ತಕದಲ್ಲಿ ತಾಯಿಗೆ ಕಾಲಂ ಇರಲಿಲ್ಲ. ಎಡೆಯ ಸಾಲಿನಲ್ಲಿ ಅವಳಿಗೊಂದು ಎಲೆಯಿದೆ, ಒಂದು ಸೀರೆಯಿದೆ, ಹೆಸರಿಲ್ಲ. ಅವಳು ಕುಣಿಗಲ್ ಕಡೆಯಿಂದ ಬಂದವಳೆಂದು ಅಪ್ಪ ಹೇಳುತ್ತಿದ್ದರು. ಆ ಕಡೆಯ ಯಾರದಾದರೂ ಮನೆಯಲ್ಲಿ, 1900ರ ಆಸುಪಾಸಿನ ಲಗ್ನಪತ್ರಿಕೆಯೋ, ಮದುವೆಯ ಮುಯ್ಯಿ ಬರೆದ ಪಟ್ಟಿಯೋ, ಪಟೇಲರ ಮನೆಯ ಹಳೆಯ ಪುಸ್ತಕವೋ ಅಟ್ಟದ ಮೇಲಿದ್ದರೆ, ಈ ಪತ್ರ ಓದಿದ ಮೇಲೆ ಅದನ್ನು ಎಸೆಯದೆ ಒಮ್ಮೆ ಬಿಚ್ಚಿ ನೋಡಬೇಕೆಂದೂ, ನಮ್ಮ ಕಡೆಯ ಹಳ್ಳಿಗೆ ಕೊಟ್ಟ ಹೆಣ್ಣಿನ ಹೆಸರು ಅಲ್ಲಿ ಕಂಡರೆ ತಮ್ಮ ಪತ್ರಿಕೆಯ ಮೂಲಕವೇ ತಿಳಿಸಬೇಕೆಂದೂ ಪ್ರಾರ್ಥಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ,
ತುಮಕೂರು ಜಿಲ್ಲೆ